ಯುಎಇ ಹೆದ್ದಾರಿಗಳ ಅಪಾಯಕಾರಿ ರೂಢಿಗಳು: ಹೊಸದಾಗಿ ಪರವಾನಗಿ ಪಡೆದ ಕನ್ನಡಿಗರಿಗೊಂದು ಕೈಪಿಡಿ

ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಕೆಲಸಕ್ಕೆಂದು ಬಂದು, ಇಲ್ಲಿನ ಚಾಲನಾ ಶಾಲೆಯ ತರಗತಿಗಳನ್ನು ಮುಗಿಸಿ, ರಸ್ತೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರಿಗೆ ನಿಯಮಗಳನ್ನು ಮತ್ತೆ ಹೇಳಿಕೊಡಬೇಕಾಗಿಲ್ಲ. ಆ ನಿಯಮಗಳ ನಡುವೆಯೇ ಬೆಳೆದುಕೊಂಡಿರುವ ರೂಢಿಗಳನ್ನು ಮಾತ್ರ ಯಾವ ಶಾಲೆಯೂ ಕಲಿಸುವುದಿಲ್ಲ. ಹಲವು ವರ್ಷಗಳಿಂದ ಇಲ್ಲಿ ಕಾರು ಓಡಿಸುತ್ತಿರುವ ನನ್ನ ಅಭಿಪ್ರಾಯದಲ್ಲಿ, ರಸ್ತೆಗಳು ಅತ್ಯುತ್ತಮವಾಗಿದ್ದು ದಂಡಗಳು ಕಠಿಣವಾಗಿದ್ದರೂ ಇಲ್ಲಿ ಅಪಘಾತಗಳಾಗುವುದಕ್ಕೆ ದೊಡ್ಡ ಕಾರಣವೆಂದರೆ ಎರಡು ವಾಹನಗಳ ನಡುವೆ ಇರಬೇಕಾದ ಅಂತರವನ್ನು ಯಾರೂ ಉಳಿಯಗೊಡದಿರುವುದು. ಈ ಕೈಪಿಡಿಯ ಬಹುಪಾಲು ಸಲಹೆಗಳು ಆ ಅಂತರವನ್ನು ಕಾಯ್ದುಕೊಳ್ಳುವುದಕ್ಕೇ ಸಂಬಂಧಿಸಿವೆ.

ಮೊದಲು ಎಡತುದಿಯ ಲೇನ್‌ನ ವಿಷಯ. ಇಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುವುದರಿಂದ ಹಿಂದಿಕ್ಕುವ ಲೇನ್ ಎಡಕ್ಕಿರುತ್ತದೆ. ಶೇಖ್ ಝಾಯೆದ್ ರಸ್ತೆಯಂಥ ಹೆದ್ದಾರಿಯಲ್ಲಿ ಆ ಲೇನ್‌ಗೆ ಇಳಿದ ಕೆಲವೇ ಕ್ಷಣಗಳಲ್ಲಿ ಹಿಂದಿನಿಂದ ಒಂದು ದೊಡ್ಡ ಎಸ್‌ಯುವಿ ಹೆಡ್‌ಲೈಟ್ ಮಿನುಗಿಸುತ್ತಾ ಬಂಪರ್‌ಗೆ ಅಂಟಿಕೊಂಡಂತೆ ಬರುವುದನ್ನು ನೀವು ಕಾಣುವಿರಿ. ಅದು ಜಗಳಕ್ಕೆ ಕರೆಯಲ್ಲ, ಸರಿದುಕೊಳ್ಳಿ ಎಂಬ ಒರಟು ಸೂಚನೆ. ಆಗ ಬ್ರೇಕ್ ತಟ್ಟಿ ಬುದ್ಧಿ ಕಲಿಸಲು ಹೋಗಬಾರದು. ಗಾಬರಿಯಿಂದ ವೇಗ ಹೆಚ್ಚಿಸಲೂ ಬಾರದು. ಇಂಡಿಕೇಟರ್ ಹಾಕಿ, ಬಲಗನ್ನಡಿಯನ್ನೂ ಭುಜದ ಹಿಂದಿನ ಕುರುಡು ಜಾಗವನ್ನೂ ನೋಡಿ, ಎಡೆ ಸಿಕ್ಕಾಗ ಮಾತ್ರ ಬಲಕ್ಕೆ ಸರಿಯಿರಿ. ಹಿಂದಿನವನ ಆತುರವನ್ನು ಎಡೆಯಿಲ್ಲದ ಕಡೆ ನುಗ್ಗಲು ಕಾರಣ ಮಾಡಿಕೊಳ್ಳಬೇಡಿ. ಅಂತರ ಕಾಯದೆ ಹಿಂಬಾಲಿಸುವವನಿಗೆ 400 ದಿರ್ಹಂ ದಂಡ ಮತ್ತು 4 ಬ್ಲ್ಯಾಕ್ ಪಾಯಿಂಟ್ (ಪರವಾನಗಿಯ ಲೆಕ್ಕಕ್ಕೆ ಸೇರುವ ತಪ್ಪಿನ ಅಂಕ) ಇರುವಂತೆಯೇ, ಹಿಂದಿನಿಂದ ಬರುವ ವೇಗದ ವಾಹನಕ್ಕೆ ದಾರಿ ಬಿಡದವನಿಗೂ ದಂಡವಿದೆ. ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಹಿಂದಿಕ್ಕುವ ಲೇನ್‌ನಲ್ಲೇ ನಿಧಾನವಾಗಿ, ನಿಶ್ಚಿಂತೆಯಿಂದ ಸಾಗುವ ಅಭ್ಯಾಸವನ್ನು ನಾವು ಊರಿನಿಂದಲೇ ತಂದಿರುತ್ತೇವೆ. ಇಲ್ಲಿನ ಚಾಲಕರಲ್ಲಿ ಬಹುಪಾಲು ಜನ ಹೊರದೇಶದವರೇ ಆಗಿರುವಾಗ ಕೆಟ್ಟ ಚಾಲನೆಯನ್ನೆಲ್ಲ ‘ಸ್ಥಳೀಯರ’ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮುಂದಿನ ವಾಹನದಿಂದ ನೀವು ಕಾಯ್ದುಕೊಳ್ಳಬೇಕಾದ ಅಂತರವನ್ನು ಮೀಟರಿನಲ್ಲಿ ಅಂದಾಜು ಮಾಡುವುದು ಕಷ್ಟ, ಸೆಕೆಂಡಿನಲ್ಲಿ ಎಣಿಸುವುದು ಸುಲಭ. ಮುಂದಿನ ಕಾರು ಒಂದು ಫಲಕವನ್ನೋ ಮೇಲ್ಸೇತುವೆಯ ನೆರಳನ್ನೋ ದಾಟಿದ ಮೇಲೆ ನೀವು ಅದೇ ಜಾಗ ತಲುಪಲು ಮೂರು ಸೆಕೆಂಡಾದರೂ ಹಿಡಿಯಬೇಕು. ಗಂಟೆಗೆ 120 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 33 ಮೀಟರ್ ಕ್ರಮಿಸುವುದರಿಂದ ಮೂರು ಸೆಕೆಂಡೆಂದರೆ 100 ಮೀಟರ್ ಆಯಿತು. ಅಷ್ಟು ಜಾಗ ಬಿಟ್ಟರೆ ಯಾರಾದರೂ ನಡುವೆ ತೂರಿಕೊಳ್ಳುವುದು ಖಂಡಿತ. ತೂರಿದಾಗಲೆಲ್ಲ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಅಂತರವನ್ನು ಮತ್ತೆ ಕಟ್ಟಿಕೊಳ್ಳಬೇಕು. ಇದು ಅವಮಾನವೆಂದು ತೋರಬಹುದು, ಆದರೆ ಪ್ರತಿ ಸಲ ಕಳೆದುಕೊಳ್ಳುವುದು ಒಂದೆರಡು ಸೆಕೆಂಡಷ್ಟೆ.

ವೇಗದ ಮಿತಿಯ ವಿಷಯದಲ್ಲಿ ಬೇರೊಂದು ಬಗೆಯ ಗೊಂದಲವಿದೆ. ದುಬೈನಲ್ಲಿ ಫಲಕದ ಮಿತಿಗಿಂತ 20 ಕಿ.ಮೀ. ಮೀರುವವರೆಗೆ ರೇಡಾರ್ ದಂಡ ಹಾಕುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, 100 ಎಂದು ಬರೆದಿರುವ ಕಡೆ ಜನ 119ರಲ್ಲಿ ಹೋಗುವುದನ್ನೇ ನಿಯಮವೆಂದು ಭಾವಿಸಿದ್ದಾರೆ. ಅಬುಧಾಬಿ ಎಮಿರೇಟ್ 2018ರ ಆಗಸ್ಟ್‌ನಲ್ಲಿ ಈ ರಿಯಾಯಿತಿಯನ್ನು ತೆಗೆದುಹಾಕಿತು. ಅಲ್ಲಿ ಫಲಕದಲ್ಲಿರುವ ಸಂಖ್ಯೆಯೇ ಮಿತಿ. ದುಬೈಯಿಂದ ಅಬುಧಾಬಿಗೆ ಒಂದೇ ಹೆದ್ದಾರಿಯಲ್ಲಿ ಹೋಗುತ್ತಿದ್ದರೂ ಗಡಿ ದಾಟಿದೊಡನೆ ಲೆಕ್ಕ ಬದಲಾಗುತ್ತದೆ. ಇದಕ್ಕಿಂತ ಅಪಾಯಕರವಾದದ್ದು ರೇಡಾರ್ ಕಂಡೊಡನೆ ಬ್ರೇಕ್ ಒತ್ತಿ, ಅದನ್ನು ದಾಟಿದೊಡನೆ ಮತ್ತೆ ಹಾರುವ ಚಾಳಿ. ನಿಮ್ಮ ಕಾರಿನ ಕ್ರೂಸ್ ಕಂಟ್ರೋಲನ್ನು ಫಲಕದ ಸಂಖ್ಯೆಗೇ ಹೊಂದಿಸಿ, ರಸ್ತೆ ಖಾಲಿಯಿರುವಂತೆ ಕಂಡರೂ ರೇಡಾರ್ ಹತ್ತಿರವಾದಾಗ ಮುಂದಿನವನು ಹಠಾತ್ತನೆ ನಿಧಾನಿಸುವನೆಂದೇ ತಿಳಿದು ಕಾಲನ್ನು ಸಿದ್ಧವಾಗಿಟ್ಟುಕೊಳ್ಳಿ. ಮಿತಿಗಿಂತ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸಿಕ್ಕಿಬಿದ್ದರೆ 2,000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್ ಮತ್ತು 30 ದಿನ ವಾಹನ ಜಪ್ತಿ. 24 ಪಾಯಿಂಟ್ ಕೂಡಿದರೆ ಪರವಾನಗಿಯೇ ಅಮಾನತಾಗುತ್ತದೆ.

ಎಕ್ಸಿಟ್‌ಗಳ ಬಳಿ ನಡೆಯುವುದನ್ನು ಕಂಡರೆ ನನಗೆ ಇಂದಿಗೂ ಭಯವಾಗುತ್ತದೆ. ಎಡತುದಿಯಲ್ಲಿದ್ದವನು ಕೊನೆಯ ಗಳಿಗೆಯಲ್ಲಿ, ಇಂಡಿಕೇಟರ್ ಕೂಡ ಹಾಕದೆ, ನಾಲ್ಕು ಲೇನ್‌ಗಳನ್ನು ಅಡ್ಡಡ್ಡವಾಗಿ ಕತ್ತರಿಸಿಕೊಂಡು ಬಲಕ್ಕೆ ಇಳಿದುಬಿಡುತ್ತಾನೆ. ತಪ್ಪಿಸಿಕೊಂಡ ಎಕ್ಸಿಟ್‌ಗೆ ಬದಿಯ ಪಟ್ಟಿಯಲ್ಲಿ ರಿವರ್ಸ್ ಬರುವವರೂ ಇದ್ದಾರೆ. ಹಠಾತ್ತನೆ ಅಡ್ಡ ತಿರುಗುವುದಕ್ಕೆ 1,000 ದಿರ್ಹಂ ದಂಡವಿದ್ದರೂ ಈ ಚಾಳಿ ನಿಂತಿಲ್ಲ. ನೀವು ಇಳಿಯಬೇಕಾದ ಎಕ್ಸಿಟ್‌ಗೆ ಎರಡು ಕಿಲೋಮೀಟರ್ ಇರುವಾಗಲೇ ಒಂದೊಂದೇ ಲೇನ್ ಬದಲಾಯಿಸುತ್ತಾ ಬಲಕ್ಕೆ ಬನ್ನಿ. ತಪ್ಪಿತೆಂದರೆ ಮುಂದಿನ ಎಕ್ಸಿಟ್‌ವರೆಗೆ ಹೋಗಿ ತಿರುಗಿ ಬನ್ನಿ. ನೀವು ನೇರ ಹೋಗುವವರಾದರೆ ಎಕ್ಸಿಟ್ ಹತ್ತಿರದಲ್ಲಿ ಯಾವ ಕಾರಿನ ಬಲಮಗ್ಗುಲಿಗೂ ಅಂಟಿಕೊಂಡು ಸಾಗಬೇಡಿ. ಒಂದಿಷ್ಟು ಹಿಂದುಳಿದರೆ ಅವನು ಕತ್ತರಿಸುವುದಾದರೂ ನಿಮ್ಮ ಮುಂದೆ ಜಾಗವಿರುತ್ತದೆ.

ವೃತ್ತಗಳಲ್ಲಿ ಒಳಗಿರುವ ವಾಹನಕ್ಕೆ ಆದ್ಯತೆ. ಅದು ಎಡಗಡೆಯಿಂದ ಬರುತ್ತದೆ, ಬಲಕ್ಕೆ ನೋಡಿ ಅಭ್ಯಾಸವಾದ ಕಣ್ಣನ್ನು ಕೆಲವು ವಾರ ಬಲವಂತದಿಂದ ಎಡಕ್ಕೆ ತಿರುಗಿಸಬೇಕಾಗುತ್ತದೆ.

ಚಳಿಗಾಲದ ಮುಂಜಾವಿನ ಮಂಜನ್ನು ಮರುಭೂಮಿಯ ದೇಶದಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. 2008ರ ಮಾರ್ಚ್‌ನಲ್ಲಿ ದುಬೈ–ಅಬುಧಾಬಿ ಹೆದ್ದಾರಿಯ ಗಂತೂತ್ ಬಳಿ ದಟ್ಟ ಮಂಜಿನಲ್ಲಿ ಸುಮಾರು ಇನ್ನೂರು ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಹಲವು ಹೊತ್ತಿ ಉರಿದವು. ಈಗ ಅಬುಧಾಬಿಯಲ್ಲಿ ಮಂಜು ಕವಿದಾಗ ರಸ್ತೆಯ ಎಲೆಕ್ಟ್ರಾನಿಕ್ ಫಲಕಗಳು ಮಿತಿಯನ್ನು 80ಕ್ಕೆ ಇಳಿಸುತ್ತವೆ, ಅದನ್ನು ಪಾಲಿಸಿ. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವುದು ಇಲ್ಲಿ ಬಹಳ ಜನರ ರೂಢಿ, ಆದರೆ ಅದರಿಂದ ನಿಂತ ಕಾರಾವುದು, ಓಡುವ ಕಾರಾವುದು ಎಂದು ಹಿಂದಿನವನಿಗೆ ತಿಳಿಯುವುದಿಲ್ಲ, ಇಂಡಿಕೇಟರ್ ಸೂಚನೆಯೂ ಕಾಣುವುದಿಲ್ಲ. ಲೋ ಬೀಮ್ ಮತ್ತು ಫಾಗ್ ಲೈಟ್ ಸಾಕು. ಏನೂ ಕಾಣದಂತಾದರೆ ಲೇನ್‌ನಲ್ಲಿ ನಿಲ್ಲಿಸದೆ ಪೂರ್ತಿ ಹೊರಗೆ ಹೋಗಿ ನಿಲ್ಲಿಸಬೇಕು. ಸಾಧ್ಯವಿದ್ದರೆ ಆ ದಿನ ಕಚೇರಿಗೆ ತಡವಾಗಿ ಹೊರಡುವುದೇ ಲೇಸು.

ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಮುಂಚಿನ ಅರ್ಧ ಗಂಟೆ ರಸ್ತೆಗಳಲ್ಲಿ ಹಸಿವು, ಬಾಯಾರಿಕೆ, ಆತುರ ಮೂರೂ ಸೇರಿರುತ್ತವೆ; ಆ ಹೊತ್ತಿನಲ್ಲಿ ಸಿಗ್ನಲ್ ಹಸಿರಾದ ಮೇಲೂ ಎರಡೂ ಕಡೆ ನೋಡಿ ಹೊರಡಿ. ಬೇಸಿಗೆಗೆ ಮುಂಚೆ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನು ಓದಿಕೊಳ್ಳಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಮರೆತರೆ, ಕಾದ ಡಾಂಬರಿನ ಮೇಲೆ ಹಳೆಯ ಟೈರ್ ಸಿಡಿಯುವುದನ್ನು ಎದುರಿಸಬೇಕಾದೀತು.

ಇಷ್ಟಾಗಿಯೂ ಸಣ್ಣ ಡಿಕ್ಕಿಯಾದರೆ, ಯಾರಿಗೂ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡು, ಫೋಟೊ ತೆಗೆದು, ವಾಹನಗಳನ್ನು ಬದಿಗೆ ಸರಿಸಿ ಪೊಲೀಸ್ ಆ್ಯಪ್‌ನಲ್ಲಿ ವರದಿ ಮಾಡಿ. ಪೆಟ್ಟಾಗಿದ್ದರೆ 999ಕ್ಕೆ ಕರೆ ಮಾಡಿ. ಪೊಲೀಸ್ ವರದಿಯಿಲ್ಲದೆ ಗ್ಯಾರೇಜಿನವರು ಜಖಂಗೊಂಡ ಕಾರನ್ನು ಮುಟ್ಟುವುದಿಲ್ಲ. ಪರವಾನಗಿ ಮತ್ತು ಮುಲ್ಕಿಯಾ (ವಾಹನದ ನೋಂದಣಿ ಕಾರ್ಡ್) ಕೈಯಲ್ಲಿರಲಿ. ಕಾಯುವಾಗ ಕಾರಿನೊಳಗೂ ಅದರ ಹಿಂದೆಯೂ ಇರದೆ ತಡೆಬೇಲಿಯ ಆಚೆ ನಿಲ್ಲಿ. ಸಹಾಯ ಹುಡುಕಿಕೊಂಡು ರಸ್ತೆ ದಾಟಿ ಎದುರು ಬದಿಗೆ ಹೋಗುವುದಂತೂ ಬೇಡ, 80 ಕಿ.ಮೀ. ಮೀರಿದ ಮಿತಿಯಿರುವ ರಸ್ತೆಯನ್ನು ನಡೆದು ದಾಟುವುದನ್ನು 2025ರ ಮಾರ್ಚ್ 29ರಂದು ಜಾರಿಗೆ ಬಂದ ಹೊಸ ಸಂಚಾರ ಕಾಯ್ದೆ ನಿಷೇಧಿಸಿದೆ.