ಖಾಲಿ ಸ್ಟ್ರಿಪ್ ಎಸೆಯಬೇಡಿ, ಲ್ಯಾಬಿಗೆ ತನ್ನಿ

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಮರುದಿನ ತಟ್ಟೆಯಲ್ಲಿ ಇರಲಿಲ್ಲ. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ನನಗಾಗ ಎರಡು ವರ್ಷ. ಅರವತ್ತು ದಾಟಿದ ಹೆಂಗಸೊಬ್ಬರ ಮೂತ್ರ ಕಲ್ಚರ್‌ಗೆ, ಅಂದರೆ ತಟ್ಟೆಯಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ಬಂದಿತ್ತು. ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ ಗ್ರಾಂ ಬಣ್ಣ ಹಾಕಿ ನೋಡಿದೆ. ಕೀವುಕಣಗಳ ನಡುವೆ ಸಣ್ಣ ಗುಲಾಬಿ ಕಡ್ಡಿಗಳಂಥ ಬ್ಯಾಕ್ಟೀರಿಯಾಗಳು ಎದ್ದು ಕಾಣುತ್ತಿದ್ದವು. ಮೂತ್ರದ ಹನಿಯಲ್ಲಿ ಎಣ್ಣೆ ಲೆನ್ಸಿನಡಿ ಕಣ್ಣಿಗೆ ಬೀಳುವ ಪ್ರತಿ ವೃತ್ತಕ್ಕೂ ಒಂದು ಬ್ಯಾಕ್ಟೀರಿಯಾ ಸಿಕ್ಕರೆ ಮಿಲಿಲೀಟರಿಗೆ ಸುಮಾರು 1 ಲಕ್ಷ ಇವೆ ಎಂಬುದು ನಮ್ಮ ಲೆಕ್ಕ. ನಾಳೆ ತಟ್ಟೆ ತುಂಬ ಬೆಳೆದಿರುತ್ತದೆ ಎಂದುಕೊಂಡೇ ಮನೆಗೆ ಹೋದೆ.

ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದರೆ ತಟ್ಟೆ ತೊಳೆದಿಟ್ಟಂತಿತ್ತು. ಒಂದೇ ಒಂದು ಕಾಲೊನಿಯೂ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಇಲ್ಲ.

‘ಬೆಳವಣಿಗೆ ಇಲ್ಲ’ ಎಂದು ಬರೆದು ಕಳಿಸುವುದು ಸುಲಭವಿತ್ತು. ಅದಕ್ಕೆ ಮುಂಚೆ ಅಂಥ ಎಷ್ಟೋ ವರದಿಗಳನ್ನು ಹಾಗೆಯೇ ಕಳಿಸಿದ್ದೇನೆ. ಅದು ನೆನಪಾದರೆ ಈಗಲೂ ಮನಸ್ಸು ಭಾರವಾಗುತ್ತದೆ. ಅಂದು ಮಾತ್ರ ಕೈ ತಡೆಯಿತು. ವರದಿಗೆಂದು ಹೊರಗೆ ಕಾದಿದ್ದ ಅವರ ಮಗನನ್ನು ಕೇಳಿದೆ: ಆಂಟಿಬಯಾಟಿಕ್ ಏನಾದರೂ ಕೊಟ್ಟಿದ್ದಿರಾ? ಇಲ್ಲವೇ ಇಲ್ಲ ಎಂದರು. ತುಸು ತಡೆದು, ‘ಉರಿಮೂತ್ರಕ್ಕೆ ಮೆಡಿಕಲ್ ಶಾಪಿನವರು ಕೊಟ್ಟದ್ದು ಎರಡು ಮಾತ್ರೆ, ಅಷ್ಟೇ’ ಎಂದು ಅಂಗಿಯ ಜೇಬಿನಿಂದ ಸ್ಟ್ರಿಪ್ ತೆಗೆದರು. ನೈಟ್ರೋಫ್ಯುರಾಂಟಾಯಿನ್, ಅದೂ ಆಂಟಿಬಯಾಟಿಕ್ಕೇ. ಎರಡು ಗುಳಿ ಖಾಲಿ. ಈ ಔಷಧ ಸಾಂದ್ರವಾಗಿ ಸೇರುವುದೇ ಮೂತ್ರದಲ್ಲಿ. ಬ್ಯಾಕ್ಟೀರಿಯಾದ ಜೊತೆಗೆ ಅದನ್ನು ಕೊಲ್ಲುವ ಮದ್ದನ್ನೂ ನಾನೇ ತಟ್ಟೆಗೆ ಬಳಿದಿದ್ದೆ. ಬಣ್ಣದಲ್ಲಿ ಸತ್ತ ಕಡ್ಡಿಯೂ ಬದುಕಿದ ಕಡ್ಡಿಯೂ ಒಂದೇ ತರ ಕಾಣುತ್ತವೆ. ತಟ್ಟೆಯ ಮೇಲೆ ಬೆಳೆಯುವುದು ಬದುಕಿದ್ದು ಮಾತ್ರ.

ಅಂದಿನಿಂದ ನಾನು ಕೇಳುವ ಪ್ರಶ್ನೆಯೇ ಬದಲಾಯಿತು. ‘ಆಂಟಿಬಯಾಟಿಕ್’ ಎಂದರೆ ಬಹಳ ಜನ ಇಲ್ಲ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಜ್ವರದ ಮಾತ್ರೆ, ಹೈ ಪವರ್ ಮಾತ್ರೆ, ಮೂರು ದಿನದ ಕೋರ್ಸ್. ಹಾಗಾಗಿ ‘ಹುಷಾರು ತಪ್ಪಿದ ದಿನದಿಂದ ಇವತ್ತಿನವರೆಗೆ ಏನೇನು ನುಂಗಿದಿರಿ, ಇಂಜೆಕ್ಷನ್ ಎಲ್ಲಿ ಹಾಕಿಸಿಕೊಂಡಿರಿ, ಕೊನೆಯದು ಎಷ್ಟು ಗಂಟೆಗೆ?’ ಎಂದು ಕೇಳುತ್ತೇನೆ. ಸ್ಟ್ರಿಪ್ ಇದ್ದರೆ ತೋರಿಸಿ ಎನ್ನುತ್ತೇನೆ. ಉತ್ತರವನ್ನು ಮಾದರಿಯ ಚೀಟಿಯ ಮೇಲೆಯೇ ಬರೆಯುತ್ತೇನೆ, ವರದಿಯಲ್ಲೂ ಸೇರಿಸುತ್ತೇನೆ: ‘ಮಾದರಿಗೆ ಮುನ್ನ ಔಷಧ ಪಡೆದಿದ್ದಾರೆ, ಬೆಳವಣಿಗೆ ಇಲ್ಲದಿದ್ದರೂ ಸೋಂಕನ್ನು ತಳ್ಳಿಹಾಕಲಾಗದು.’

ರಕ್ತದ ಕಲ್ಚರ್‌ನಲ್ಲಿ ಈ ನಷ್ಟ ಇನ್ನೂ ದೊಡ್ಡದು. ತೀವ್ರ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಇದ್ದ 325 ರೋಗಿಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಔಷಧಕ್ಕೆ ಮುಂಚೆ ತೆಗೆದ ರಕ್ತದಲ್ಲಿ ನೂರಕ್ಕೆ 31 ಜನರಲ್ಲಿ ರೋಗಾಣು ಸಿಕ್ಕಿತು. ಔಷಧ ಕೊಟ್ಟು ಎರಡು ಗಂಟೆಯೊಳಗೆ ಅದೇ ರೋಗಿಗಳಿಂದ ಮತ್ತೆ ತೆಗೆದಾಗ ಸಿಕ್ಕಿದ್ದು ನೂರಕ್ಕೆ 19 ಜನರಲ್ಲಿ ಮಾತ್ರ. ಬರೀ ಎರಡು ಗಂಟೆ! ಮಿದುಳುಪೊರೆಯ ಜ್ವರದಲ್ಲಿ ಬೆನ್ನುಹುರಿಯ ನೀರೂ ಹೀಗೆಯೇ ಬೇಗ ‘ಶುದ್ಧ’ವಾಗಿಬಿಡುತ್ತದೆ. ಹಾಗೆಂದು ಜೀವ ಕೈಯಲ್ಲಿ ಹಿಡಿದು ಬಂದವರಿಗೆ ವರದಿ ಬರುವವರೆಗೆ ಔಷಧ ತಡೆಹಿಡಿಯುವಂತಿಲ್ಲ. ಮೊದಲು ರಕ್ತ, ಅದರ ಹಿಂದೆಯೇ ಇಂಜೆಕ್ಷನ್. ನಡುವೆ ಐದು ನಿಮಿಷ ಸಾಕು.

ಎಲ್ಲ ಔಷಧವೂ ಎಲ್ಲ ಪರೀಕ್ಷೆಯನ್ನೂ ಕೆಡಿಸುವುದಿಲ್ಲ. ಪ್ಯಾರಾಸಿಟಮಾಲ್ ಕಲ್ಚರ್ ವರದಿಯನ್ನು ಬದಲಿಸುವುದಿಲ್ಲ, ಜ್ವರವನ್ನಷ್ಟೇ ಮರೆಮಾಚುತ್ತದೆ. ಸ್ಟೀರಾಯ್ಡ್ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಏರಿಸಿ ಸೋಂಕಿನ ಭ್ರಮೆ ಹುಟ್ಟಿಸಬಲ್ಲದು; ಇನ್ನೊಂದೆಡೆ ಕ್ಷಯದ ಮಾಂಟೋ ಪರೀಕ್ಷೆಯಲ್ಲಿ, ಸೋಂಕಿದ್ದರೂ ಚುಚ್ಚಿದ ಕಡೆ ತೋಳು ಊದದಂತೆಯೂ ಮಾಡಬಲ್ಲದು. ಹೊಟ್ಟೆಯ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕಾಗಿ ಉಸಿರಿನ ಪರೀಕ್ಷೆ ಮಾಡಿಸುವವರು ಗ್ಯಾಸ್ಟ್ರಿಕ್‌ಗೆಂದು ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು 2 ವಾರ, ಆಂಟಿಬಯಾಟಿಕ್ಕನ್ನು 4 ವಾರ ಮುಂಚೆ ಬಿಟ್ಟಿರಬೇಕು. ಕೂದಲು ಉದುರುವುದಕ್ಕೆಂದು ದೊಡ್ಡ ಪ್ರಮಾಣದಲ್ಲಿ ನುಂಗುವ ಬಯೋಟಿನ್ ಎಂಬ ವಿಟಮಿನ್ ಕೂಡ ಕೆಲವು ರಕ್ತಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ.

ತಿರುವುಮುರುವಾದದ್ದೂ ಇದೆ. ಕ್ಷಯಕ್ಕೆ ಮಾಡುವ ಸಿಬಿನ್ಯಾಟ್ ಪರೀಕ್ಷೆ ಹುಡುಕುವುದು ರೋಗಾಣುವಿನ ಡಿಎನ್‌ಎಯನ್ನು. ಚಿಕಿತ್ಸೆಯಿಂದ ಸತ್ತ ರೋಗಾಣುವಿನ ಡಿಎನ್‌ಎಯೂ ಅದಕ್ಕೆ ಸಿಗುತ್ತದೆ. ಆದ್ದರಿಂದ ಕೋರ್ಸ್ ನಡೆಯುತ್ತಿರುವಾಗ ಅದು ಪಾಸಿಟಿವ್ ಬಂದರೆ ಮದ್ದು ಕೆಲಸ ಮಾಡಲಿಲ್ಲವೆಂದು ಕುಗ್ಗಬಾರದು. ಗುಣವಾಗುತ್ತಿದೆಯೇ ಎಂದು ನೋಡಲು ಕಫವನ್ನು ಗಾಜಿಗೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್, ಕಫದ ಕಲ್ಚರ್ ಬೇರೆ ಇವೆ.

ಇಷ್ಟೆಲ್ಲ ಕೇಳಿದ ಮೇಲೆ, ಪರೀಕ್ಷೆ ಸರಿಯಾಗಿ ಬರಲಿ ಎಂದು ಮಾತ್ರೆಯನ್ನು ತಾವೇ ನಿಲ್ಲಿಸಿ ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಲ್ಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳಲಿ. ನಮಗೆ ಬೇಕಾದದ್ದು ಏನು ನುಂಗಿದಿರಿ ಎಂಬ ನಿಜ.

ಹೋದ ಮಳೆಗಾಲದಲ್ಲಿ ಆರು ದಿನದ ಜ್ವರವಿದ್ದ ಹುಡುಗನನ್ನು ತಾಯಿ ಕರೆತಂದರು. ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ಸ್ಟ್ರಿಪ್ ಮುಂದಿಟ್ಟರು. ಪ್ಯಾರಾಸಿಟಮಾಲ್ ಮಾತ್ರ. ವಾರ್ಡಿನಲ್ಲಿ ಸಿರಿಂಜಿಗೆ ಆಂಟಿಬಯಾಟಿಕ್ ಎಳೆದಾಗಿತ್ತು. ಫೋನ್ ಮಾಡಿ ಐದು ನಿಮಿಷ ಬೇಡಿಕೊಂಡು ರಕ್ತ ತೆಗೆದೆ. ಮರುದಿನ ಸಂಜೆ ಬಾಟಲಿಯ ತಳದ ಚಕ್ಕೆ ಹಸಿರಿನಿಂದ ಹಳದಿಗೆ ತಿರುಗಿತ್ತು, ರೋಗಾಣು ಬೆಳೆದಿದೆ ಎಂಬ ಸೂಚನೆ ಅದು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿ, ಸಿಪ್ರೋಫ್ಲಾಕ್ಸಸಿನ್‌ಗೆ ಬಗ್ಗದ್ದು, ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗುವಂಥದ್ದು. ವರದಿಯನ್ನು ನಾನೇ ಕೈಯಲ್ಲಿ ಹಿಡಿದು ವಾರ್ಡಿಗೆ ಹೋದೆ.