ಎರೆ ರಾಡಿಗೆ ಎಲೆಕ್ಟ್ರಿಕ್ ವಿಂಚ್: ಗಾಡಿಗೆ ಕೂರಿಸಿದ ಮತ್ತು ಬಳಸಿದ ನನ್ನ ಅನುಭವ

ನವಲಗುಂದ, ನರಗುಂದ, ರೋಣದ ಕಡೆ ಮಳೆಗಾಲದಲ್ಲಿ ಓಡಾಡಿದವರಿಗೆ ಎರೆ ಮಣ್ಣು ಗಾಡಿಯನ್ನು ಹೇಗೆ ಹಿಡಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಟೈರಿನ ಗೆರೆಯೆಲ್ಲ ತುಂಬಿ ನುಣ್ಣಗಾಗುತ್ತದೆ, ಇನ್ನೆರಡು ಸಲ ಎಕ್ಸಲರೇಟರ್ ಒತ್ತಿದರೆ ಆಕ್ಸಲ್ಲು ನೆಲಕ್ಕೆ ಕೂರುತ್ತದೆ. ವಿಂಚು ಅಂದರೆ ಗಾಡಿಯ ಮುಂದೆ ಕೂತು, ಮೋಟಾರಿನಿಂದ ಡ್ರಮ್ಮಿಗೆ ಹಗ್ಗ ಸುತ್ತುತ್ತ ಹೂತ ಗಾಡಿಯನ್ನು ಎಳೆದು ತೆಗೆಯುವ ಯಂತ್ರ. ಹಾವೇರಿ ಕಡೆಯ ಮಸಾರಿ (ಕೆಂಪು) ಮಣ್ಣಿಗೆ ಲೆಕ್ಕ ಹಾಕಿ ತಂದ ವಿಂಚು ಎರೆಯಲ್ಲಿ ಸೋಲುವುದು ಇದಕ್ಕೇ. ಡಬ್ಬದ ಮೇಲಿನ ಅಂಕಿ ವಿಂಚಿನ ನಿಜವಾದ ಬಲವಲ್ಲ. ಬ್ಯಾಟರಿ, ಡ್ರಮ್ಮಿನ ಮೇಲೆ ಉಳಿದ ಹಗ್ಗದ ಪದರ, ಎದುರಿಗೆ ಕಟ್ಟಿದ ಆಸರೆ, ಈ ಮೂರು ಸೇರಿದ್ದೇ ಬಲ.

ಬೊಲೆರೊದಂಥ ಗಾಡಿ ಜನ, ಸಾಮಾನು ಸೇರಿ ಸುಮಾರು 2,200 ಕೆಜಿ ತೂಗುತ್ತದೆ. ತೂಕದ ಒಂದೂವರೆ ಪಟ್ಟು ಬಲದ ವಿಂಚು ಬೇಕೆನ್ನುವುದು ವಾಡಿಕೆಯ ಲೆಕ್ಕ, ಅಂದರೆ 3,300 ಕೆಜಿ. ನಾನು ಆರಿಸಿದ್ದು 12 ವೋಲ್ಟಿನ 9,500 ಪೌಂಡಿನ ವಿಂಚು, ಅಂದರೆ ಸುಮಾರು 4,300 ಕೆಜಿ. ಆದರೆ ಆ 4,300 ಸಿಗುವುದು ಡ್ರಮ್ಮಿನ ಮೇಲೆ ಒಂದೇ ಪದರ ಹಗ್ಗ ಉಳಿದಾಗ ಮಾತ್ರ. ಡ್ರಮ್ಮಿನ ವ್ಯಾಸ 63 ಮಿಮೀ, ತಂತಿ ಹಗ್ಗ 8 ಮಿಮೀ. ಪದರ ಏರಿದಂತೆ ಡ್ರಮ್ಮು ದಪ್ಪವಾಗಿ ಬಲ ಇಳಿಯುತ್ತದೆ: ಎರಡನೇ ಪದರದಲ್ಲಿ ಸುಮಾರು 3,500, ಮೂರನೆಯದರಲ್ಲಿ 2,900, ನಾಲ್ಕನೆಯದರಲ್ಲಿ 2,500. ಇನ್ನು ಗಾಡಿ ಚಕ್ರದ ಅರ್ಧ ಹೂತಿದ್ದರೆ ಅದರ ತೂಕದಷ್ಟೇ ಎಳೆತ ಸಾಕು, ಬಂಪರಿನವರೆಗೆ ಹೂತಿದ್ದರೆ ತೂಕದ ಎರಡು ಪಟ್ಟು, 4,400 ಕೆಜಿ ಬೇಕು. ಲೆಕ್ಕ ಅಲ್ಲೇ ತಪ್ಪುತ್ತದೆ. ಅದಕ್ಕೇ ಎಳೆತ ಇಮ್ಮಡಿಸುವ ರಾಟೆ ಇಲ್ಲದ ವಿಂಚು ಎರೆಯಲ್ಲಿ ಅರ್ಧ ವಿಂಚು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ವಿಂಚನ್ನು ಬಂಪರಿಗೆ ಕಟ್ಟಬಾರದು. ಚಾಸಿಯ ಎರಡೂ ಉದ್ದ ತೊಲೆಗಳಿಗೆ ಬೋಲ್ಟು ಹಾಕಿದ ಕನಿಷ್ಠ 6 ಮಿಮೀ ದಪ್ಪದ ಪ್ಲೇಟಿನ ಮೇಲೆ ಅದು ಕೂರಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆಯ ಫ್ಯಾಬ್ರಿಕೇಶನ್ ಅಂಗಡಿಯವರು ಪ್ಲೇಟ್ ಚೆನ್ನಾಗಿ ಮಾಡಿಕೊಡುತ್ತಾರೆ, ರಂಧ್ರದ ಅಳತೆ ಮಾತ್ರ ನೀವೇ ಬರೆದು ಕೊಡಿ: ವಿಂಚಿನ ಉದ್ದಕ್ಕೆ 254 ಮಿಮೀ, ಅಡ್ಡಕ್ಕೆ 114.3 ಮಿಮೀ. ನಾಲ್ಕು ಬೋಲ್ಟು, ಎಂ10, ತಲೆಯ ಮೇಲೆ 8.8 ಎಂದಿರಬೇಕು, ಬಿಗಿತ ಸುಮಾರು 45 ನ್ಯೂಟನ್ ಮೀಟರ್. ಕಿಟ್ಟಿನ ಬೋಲ್ಟಿಗಿಂತ ಉದ್ದದ್ದು ಹಾಕಿದರೆ ತುದಿ ಒಳಗೆ ತಾಗಿ ಬಿಗಿಯಾದಂತೆ ಅನಿಸುತ್ತದೆ, ಪ್ಲೇಟು ಮಾತ್ರ ಸಡಿಲವೇ ಉಳಿದಿರುತ್ತದೆ. ಹಗ್ಗ ಹೊರಬರುವ ಬಾಯಿಗೆ ಫೇರ್‌ಲೀಡ್ ಅನ್ನುತ್ತಾರೆ: ತಂತಿ ಹಗ್ಗಕ್ಕೆ ಉರುಳೆಯದು, ನಾರಿನ ಹಗ್ಗಕ್ಕೆ ನಯವಾದ ಅಲ್ಯುಮಿನಿಯಂನದು. ಒಂದಕ್ಕೆ ಹಾಕಿದ್ದನ್ನು ಇನ್ನೊಂದಕ್ಕೆ ಬಳಸಬೇಡಿ, ತಂತಿಯಿಂದ ಗೀರು ಬಿದ್ದ ಬಾಯಿ ನಾರಿನ ಹಗ್ಗವನ್ನು ಕೊಯ್ಯುತ್ತದೆ. ವಿಂಚಿನ ನೆಪದಲ್ಲಿ ಮುಂದೆ ದೊಡ್ಡ ಬುಲ್ ಬಾರ್ ಹಾಕಿಸುವುದೂ ಬೇಡ. ಅದು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ನನ್ನದು ಮೂಲ ಬಂಪರಿನ ಹಿಂದೆ ಅಡಗಿ ಕೂತಿದೆ, ರೇಡಿಯೇಟರಿಗೆ ಗಾಳಿಯ ದಾರಿ ಬಿಟ್ಟಿದ್ದೇನೆ.

ಹೆಚ್ಚು ಜನ ಎಡವುವುದು ವೈರಿಂಗಿನಲ್ಲಿ. ಖಾಲಿ ತಿರುಗುವಾಗ 60ರಿಂದ 80 ಆಂಪಿಯರ್ ಕೇಳುವ ಮೋಟಾರು ಪೂರ್ಣ ಭಾರದಲ್ಲಿ 400ರ ಆಸುಪಾಸು ಕುಡಿಯುತ್ತದೆ. ಕೇಬಲ್ 35 ಸ್ಕ್ವೇರ್ ಎಂಎಂ ತಾಮ್ರದ್ದೇ ಆಗಬೇಕು; ಹೋಗಿ ಬರುವ ದಾರಿ ಸೇರಿ 4 ಮೀಟರಿಗೆ 400 ಆಂಪಿಯರಿನಲ್ಲಿ ಸುಮಾರು 0.8 ವೋಲ್ಟ್ ಬೀಳುತ್ತದೆ. ಅದೇ 16 ಸ್ಕ್ವೇರಿನಲ್ಲಿ 1.8 ವೋಲ್ಟ್ ಹೋಗುತ್ತದೆ, ಕೇಬಲ್ಲೂ ಸುಡುತ್ತದೆ. ವೆಲ್ಡಿಂಗ್ ಕೇಬಲ್ ಸುಲಭವಾಗಿ ಸಿಗುತ್ತದೆ, ಆದರೆ ಅಗ್ಗದ್ದರಲ್ಲಿ ಅಲ್ಯುಮಿನಿಯಂ ಎಳೆ ಇರುತ್ತದೆ. ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಕಳೆದು ಬಿಳಿ ಕಂಡರೆ ಬಿಟ್ಟುಬಿಡಿ. ಅರ್ಥ್ ಕೇಬಲನ್ನು ಚಾಸಿಗಲ್ಲ, ನೇರ ಬ್ಯಾಟರಿಯ ಮೈನಸ್ಸಿಗೆ ಒಯ್ಯಿರಿ. ಪ್ಲಸ್ಸಿನ ದಾರಿಯಲ್ಲಿ ಕಟ್-ಆಫ್ ಸ್ವಿಚ್ ಕಡ್ಡಾಯ, ಬಾನೆಟ್ ಎತ್ತದೆ ಕೈಗೆ ಸಿಗುವ ಜಾಗದಲ್ಲಿ.

ಮೋಟಾರಿನ ಟರ್ಮಿನಲ್ಲಿನಲ್ಲಿ ಎರಡು ನಟ್ಟು ಇರುತ್ತವೆ, ಒಳಗಿನದು ಸ್ಟಡ್ಡನ್ನು (ತಲೆಯಿಲ್ಲದ ಬೋಲ್ಟನ್ನು) ಹಿಡಿದದ್ದು, ಹೊರಗಿನದು ಲಗ್ (ಕೇಬಲ್ ತುದಿಯ ಲೋಹದ ಬಳೆ) ಒತ್ತುವುದು. ಒಳಗಿನದನ್ನು ತೆಳು ಸ್ಪ್ಯಾನರಿನಿಂದ ಹಿಡಿದುಕೊಂಡೇ ಹೊರಗಿನದನ್ನು ಬಿಗಿಯಬೇಕು. ಹಿಡಿಯದೆ ತಿರುಗಿಸಿದರೆ ಸ್ಟಡ್ಡೇ ಸುತ್ತಿ ಒಳಗಿನ ಕಾಯಿಲ್ ತುದಿ ಮುರಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ, ಇಲ್ಲವೇ ತಿರುಗುವುದೇ ಇಲ್ಲ. ಹೊಸ ವಿಂಚು ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮುಂಚೆ ಇದನ್ನು ನೋಡಿ.

ಬ್ಯಾಟರಿ ಕನಿಷ್ಠ 650 ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರಿನದು (ಎಂಜಿನ್ ಚಾಲೂ ಮಾಡಲು ಚಳಿಯಲ್ಲಿ ಕೊಡಬಲ್ಲ ಕರೆಂಟಿನ ಅಳತೆ) ಇರಲಿ. ಪೂರ್ಣ ಭಾರದಲ್ಲಿ ಒಂದು ನಿಮಿಷ ಎಳೆದರೆ 6.7 ಆಂಪಿಯರ್-ಅವರ್ ಖರ್ಚು. ಆಲ್ಟರ್ನೇಟರ್ 60 ಆಂಪಿಯರ್ ತುಂಬಿದರೂ ಅದು ಮರಳಲು ಸುಮಾರು 7 ನಿಮಿಷ ಬೇಕು. ಎಂಜಿನ್ ಯಾವಾಗಲೂ ಚಾಲೂ ಇರಲಿ, 1,200ರಿಂದ 1,500 ಆರ್‌ಪಿಎಂನಲ್ಲಿ. ಒಂದು ನಿಮಿಷ ಎಳೆ, ಆರೇಳು ನಿಮಿಷ ಬಿಡು. ಭಾರದಲ್ಲಿ ಹಗ್ಗ ಬರುವುದೇ ನಿಮಿಷಕ್ಕೆ ಒಂದೂವರೆ ಮೀಟರ್, ಅವಸರಕ್ಕೆ ಇಲ್ಲಿ ಜಾಗವಿಲ್ಲ. ವೋಲ್ಟೇಜ್ ಇಳಿದ ಮೇಲೂ ಬಟನ್ ಒತ್ತುತ್ತಲೇ ಇದ್ದರೆ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಟಕ್ ಟಕ್ ಅನ್ನಲು ಶುರುಮಾಡುತ್ತದೆ. ಪ್ರತಿ ಟಕ್ಕಿಗೂ ಒಳಗೆ ಕಿಡಿ, ಕೊನೆಗೆ ಎರಡು ತುದಿ ಬೆಸುಗೆಯಾಗಿ ಅಂಟುತ್ತವೆ. ಆಮೇಲೆ ಬಟನ್ ಬಿಟ್ಟರೂ ಮೋಟಾರು ನಿಲ್ಲುವುದಿಲ್ಲ, ಕೊಕ್ಕೆ ಫೇರ್‌ಲೀಡಿಗೆ ಬಂದು ತಾಗುವವರೆಗೂ ಎಳೆಯುತ್ತದೆ. ಕಟ್-ಆಫ್ ಸ್ವಿಚ್ ಕೈಗೆ ಸಿಗಬೇಕು ಎಂದದ್ದು ಆ ಗಳಿಗೆಗೆ.

ಕಾರ್ಖಾನೆಯಲ್ಲಿ ಸುತ್ತಿದ ಹಗ್ಗ ಸಡಿಲವಾಗಿರುತ್ತದೆ. ಹಾಗೇ ಎಳೆದರೆ ಮೇಲಿನ ಸುತ್ತು ಕೆಳಗಿನವುಗಳ ನಡುವೆ ಹೂತು ಚಪ್ಪಟೆಯಾಗುತ್ತದೆ. ಹತ್ತು ಸುತ್ತು ಬಿಟ್ಟು ಪೂರ್ತಿ ಬಿಚ್ಚಿ, ಗಟ್ಟಿ ಮರಕ್ಕೆ ಪಟ್ಟಿ ಹಾಕಿ ಸಿಕ್ಕಿಸಿ, ಸಣ್ಣ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಅರ್ಧ ಎಳೆದುಕೊಂಡು ಗಾಡಿಯನ್ನೇ ಮರದ ಕಡೆ ಎಳೆಸಿ. ಸುತ್ತುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ. ಇದಾದ ಮೇಲೆ ಪ್ಲೇಟಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಬಳಸುವಾಗ ತಂತಿ ಹಗ್ಗವಾದರೆ ಕನಿಷ್ಠ ಐದು ಸುತ್ತು, ನಾರಿನದಾದರೆ ಎಂಟು-ಹತ್ತು ಸುತ್ತು ಡ್ರಮ್ಮಿನ ಮೇಲೆ ಉಳಿದಿರಲೇಬೇಕು. ಭಾರ ತಡೆಯುವುದು ಆ ಸುತ್ತುಗಳ ಹಿಡಿತ, ತುದಿಯ ಸಣ್ಣ ಸ್ಕ್ರೂ ಅಲ್ಲ.

ಗಾಡಿ ಹೂತಾಗ ಮೊದಲು ಹೊರಬರಬೇಕಾದದ್ದು ಸಲಿಕೆ. ಎರೆ ಮಣ್ಣು ಕೆಳಗಿಂದ ಹೀರಿ ಹಿಡಿದಿರುತ್ತದೆ. ಚಕ್ರದ ಮುಂದೆ ಇಳಿಜಾರಾಗಿ ಕೆತ್ತಿ, ಆಕ್ಸಲ್ಲಿನ ನಡುವಿನ ಗುಂಡನ್ನು ಮಣ್ಣಿನಿಂದ ಬಿಡಿಸಿ, ಹತ್ತಿ ಕಟ್ಟಿಗೆಯನ್ನೋ ಕಣಿಕೆಯನ್ನೋ ಚಕ್ರದ ಮುಂದೆ ಹಾಸಿದರೆ ಬೇಕಾದ ಬಲ ಎಷ್ಟೋ ಇಳಿಯುತ್ತದೆ. ಕಾಲು ಗಂಟೆಯ ಅಗೆತ ಬ್ಯಾಟರಿಯನ್ನೂ ಹಗ್ಗವನ್ನೂ ಉಳಿಸುತ್ತದೆ.

ಆಸರೆಗೆ ಒಡ್ಡಿನ ಮೇಲಿನ ಬೇವು, ಹುಣಸೆ ಒಳ್ಳೆಯವು. 75 ಮಿಮೀ ಅಗಲದ ಪಟ್ಟಿಯನ್ನು ಬುಡಕ್ಕೆ ತೀರ ಹತ್ತಿರ ಸುತ್ತಿ, ಅದರ ಎರಡೂ ಕಣ್ಣುಗಳನ್ನು ಮುಕ್ಕಾಲು ಇಂಚಿನ, 4.75 ಟನ್ ಎಂದು ಅಚ್ಚೊತ್ತಿದ ಶ್ಯಾಕಲ್‌ನಲ್ಲಿ (ಪಿನ್ ಹಾಕಿ ಮುಚ್ಚುವ ಉಕ್ಕಿನ ಕೊಂಡಿ) ಸೇರಿಸಿ. ಪಿನ್ನನ್ನು ಪೂರ್ತಿ ತಿರುಗಿಸಿ ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಎಳೆದ ಮೇಲೆ ಬಿಚ್ಚಲು ಬರುವುದಿಲ್ಲ. ಹಗ್ಗವನ್ನು ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸುವುದು ಹಗ್ಗ ಕಡಿಯುವ ಖಾತ್ರಿ ದಾರಿ. ಮರವಿಲ್ಲದ ಬಯಲಲ್ಲಿ ಗಟ್ಟಿ ನೆಲದ ಮೇಲೆ ನಿಂತ ಟ್ರ್ಯಾಕ್ಟರ್ ಆಗುತ್ತದೆ, ಆದರೆ ಹಿಂದಿನ ಡ್ರಾಬಾರಿಗೆ ಮಾತ್ರ, ಆಕ್ಸಲ್ಲಿಗಿಂತ ಎತ್ತರಕ್ಕೆ ಎಲ್ಲೂ ಸಿಕ್ಕಿಸಬೇಡಿ.

ಆ ಪಟ್ಟಿಗೆ ರಾಟೆ ಹಾಕಿ, ಹಗ್ಗವನ್ನು ಅದರಲ್ಲಿ ತಿರುಗಿಸಿ ತಂದು ಗಾಡಿಯ ಚಾಸಿಯ ಎಳೆಯುವ ಕೊಕ್ಕೆಗೆ ಹಾಕಿ. ಎಳೆತ ಹತ್ತಿರ ಹತ್ತಿರ ಎರಡು ಪಟ್ಟು, ವೇಗ ಅರ್ಧ, ಆಂಪಿಯರೂ ಇಳಿಯುತ್ತದೆ. ಹೆಚ್ಚು ಹಗ್ಗ ಹೊರಬರುವುದರಿಂದ ಡ್ರಮ್ಮು ಬಲವಾದ ಕೆಳಗಿನ ಪದರಕ್ಕೂ ಇಳಿಯುತ್ತದೆ. ಮರದ ಮೇಲಿನ ಭಾರವೂ ಎರಡು ಪಟ್ಟಾಗುತ್ತದೆ, ಮರ ಆರಿಸುವಾಗ ಇದು ನೆನಪಿರಲಿ.

ಹಗ್ಗದ ನಡುವೆ ದಪ್ಪ ಕಂಬಳಿ ಅಥವಾ ಹಸಿ ಮಣ್ಣು ತುಂಬಿದ ಗೋಣಿ ತಟ್ಟು ಹೊದಿಸಿ. ನನ್ನದು ತಂತಿ ಹಗ್ಗ, ನಮ್ಮ ಬಿಸಿಲು ಮತ್ತು ಮಣ್ಣಿನ ಹರಳಿಗೆ ಅದು ತಡೆಯುತ್ತದೆಂದು ಆರಿಸಿದ್ದು. ಆದರೆ ಹರಿದರೆ ಬಾರುಕೋಲಿನ ಹಾಗೆ ಬೀಸಿ ಬರುತ್ತದೆ. ನಮ್ಮೂರುಗಳಲ್ಲಿ ಗಾಡಿ ಹೂತರೆ ಇಪ್ಪತ್ತು ಮಂದಿ ಕೂಡುತ್ತಾರೆ, ಹುಡುಗರು ಬಿಗಿದ ಹಗ್ಗ ದಾಟುತ್ತಾರೆ. ಬಟನ್ ಮುಟ್ಟುವ ಮೊದಲು "ಅಣ್ಣಾರ, ಹಗ್ಗದ ಹತ್ರ ನಿಲ್ಲಬ್ಯಾಡ್ರಿ, ಒಡ್ಡಿನ ಆ ಕಡಿ ಸರೀರಿ" ಎಂದು ಡ್ರಮ್ಮಿನಿಂದ ಹೊರಬಿಟ್ಟ ಹಗ್ಗದ ಒಂದೂವರೆ ಪಟ್ಟು ದೂರಕ್ಕೆ ಎಲ್ಲರನ್ನೂ ಕಳಿಸಿ. ರಿಮೋಟ್ ಒಬ್ಬರ ಕೈಯಲ್ಲಿ, ಸನ್ನೆ ಒಬ್ಬರದೇ. ವಿಂಚಿನ ಕ್ಲಚ್ ಲಿವರ್ ಪೂರ್ತಿ ಕೂತಿದೆಯೇ ನೋಡಿ, ಸಡಿಲ ಹಗ್ಗವನ್ನು ಒತ್ತಿ ಬಿಡುತ್ತ ಬಿಗಿಮಾಡಿ, ಆಮೇಲೆ ಎಳೆಯಿರಿ. ಡ್ರೈವರ್ ಮೊದಲ ಗೇರಿನಲ್ಲಿ ಮೆಲ್ಲಗೆ ನೆರವಾಗಲಿ, ಗಾಡಿ ಹಗ್ಗಕ್ಕಿಂತ ಮುಂದೆ ಓಡಿ ಹಗ್ಗ ಜೋತು ಮತ್ತೆ ಜಗ್ಗಿದರೆ ಆ ಒಂದು ಏಟಿಗೇ ಹರಿಯುತ್ತದೆ. ಅಡ್ಡದಿಂದ ಎಳೆದರೆ ಹಗ್ಗ ಡ್ರಮ್ಮಿನ ಒಂದೇ ಬದಿಗೆ ಗುಡ್ಡೆಯಾಗುತ್ತದೆ; ನಿಲ್ಲಿಸಿ, ಬಿಚ್ಚಿ, ಮತ್ತೆ ಸುತ್ತಿ.

ಬೋರ್‌ವೆಲ್ ಮೋಟಾರು ಎತ್ತಿಕೊಡಿ ಎಂದು ಕೇಳುವವರಿಗೆ ಆಗದು ಎಂದೇ ಹೇಳಿ. ಇದರ ಬ್ರೇಕು ಭಾರವನ್ನು ತೂಗುಹಾಕಿ ಹಿಡಿಯಲು ಮಾಡಿದ್ದಲ್ಲ.

ಕೆಲಸ ಮುಗಿದ ಮೇಲೆ ಚರ್ಮದ ಕೈಗವಸು ಹಾಕಿಕೊಂಡೇ ಹಗ್ಗ ಸುತ್ತಿ. ಕೊನೆಯ ಒಂದು ಮೀಟರಿಗೆ ಕೊಕ್ಕೆಯ ಪಟ್ಟಿ ಹಿಡಿಯಿರಿ, ಹಗ್ಗವನ್ನಲ್ಲ. ಕಟ್-ಆಫ್ ಸ್ವಿಚ್ ಬಂದ್ ಮಾಡಿ ಒಂದೊಂದು ಲಗ್ಗಿಗೂ ಕೈಯಿಟ್ಟು ನೋಡಿ. ಉಳಿದವು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅದರ ಕ್ರಿಂಪ್ (ಒತ್ತಿ ಕೂರಿಸಿದ ಜೋಡಣೆ) ಸಡಿಲಾಗಿದೆ, ಮುಂದಿನ ಮಳೆಯ ಮುಂಚೆ ಅದನ್ನು ಕತ್ತರಿಸಿ ಹೊಸ ಲಗ್ ಹೊಡೆಸಬೇಕು.