ಬೆರಳಿನ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಶೆಡ್‌ನಲ್ಲಿ ನಾನು ಪವರ್ ಪ್ರೆಸ್, ಅಂದರೆ ಡೈ ಎಂಬ ಅಚ್ಚಿನಿಂದ ತಗಡು ಒತ್ತುವ ಮಷೀನ್, ನಡೆಸುತ್ತಿದ್ದೆ. ಎಡಗೈ ತೋರುಬೆರಳು ಡೈ ಕೆಳಗೆ ಸಿಕ್ಕು ಎರಡು ಗೆಣ್ಣು ಹೋದವು. ಆಗ ನನಗೆ 30 ವರ್ಷ. ಪರಿಹಾರ ಹೇಗೆ ಸಿಕ್ಕಿತು ಅಂತ ಬಹಳ ಮಂದಿ ಕೇಳುತ್ತಾರೆ, ಅದನ್ನಷ್ಟೇ ಬರೆಯುತ್ತೇನೆ.

ಕೈಗೆ ಟವೆಲ್ ಸುತ್ತಿಕೊಂಡು ಆಟೊದಲ್ಲಿ ಆಸ್ಪತ್ರೆಗೆ ಹೊರಟಾಗಲೇ ಸೂಪರ್‌ವೈಸರ್ ಶುರು ಮಾಡಿದ. "ಬಾಗಲದಾಗ ಸಿಕ್ಕತಿ ಅಂತ ಹೇಳೋಣ ತಮ್ಮಾ, ಸುಮ್ನ ಪೊಲೀಸ್ ಗದ್ದಲ ಯಾಕ?" ಅವನೇನು ಕೆಟ್ಟವನಲ್ಲ, ಎಲ್ಲ ಶೆಡ್‌ಗಳಲ್ಲೂ ಇದೇ ರೂಢಿ. ಆದರೆ ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ) ರಿಜಿಸ್ಟರ್‌ನಲ್ಲಿ ಮೊದಲು ಬರೆದದ್ದೇ ಕೊನೆತನಕ ಬೆನ್ನು ಹತ್ತುತ್ತದೆ. "ಕೆಲಸ ಮಾಡೂವಾಗ ಪ್ರೆಸ್ಸಿನ್ಯಾಗ ಸಿಕ್ಕತ್ರಿ" ಅಂತ ಡಾಕ್ಟರ್‌ಗೆ ನಾನೇ ಹೇಳಿದೆ.

ಮರುದಿನ ಮಾಲಕರ ಮಾತು ಬೇರೆ: ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ನೀನೇ ಬಿಚ್ಚಿದ್ದಿ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಆ ಗಾರ್ಡ್ ಬೆಂಚಿನ ಕೆಳಗೇ ಬಿದ್ದಿತ್ತು. ಜಾಳಿಗೆ ತುಕ್ಕು ಹಿಡಿದು, ನಟ್ಟಿನ ತೂತಿನಲ್ಲಿ ಜೇಡ ಬಲೆ ಕಟ್ಟಿತ್ತು. ಗೆಳೆಯನಿಗೆ ಹೇಳಿ ಮೊಬೈಲ್‌ನಲ್ಲಿ ಫೋಟೊ ತೆಗೆಸಿದೆ. ಇದು ಮುಖ್ಯ. ಕೆಲಸಗಾರ ಬೇಕಂತಲೇ ಗಾರ್ಡ್ ತೆಗೆದಿದ್ದರೆ ಇಂಥ ಗಾಯಕ್ಕೆ ಪರಿಹಾರ ಕೊಡಬೇಕಿಲ್ಲ ಎನ್ನುತ್ತದೆ ಕಾನೂನು. ಬರೀ ಗಮನ ತಪ್ಪಿದ್ದಕ್ಕೆ ಪರಿಹಾರ ತಪ್ಪುವುದಿಲ್ಲ. ನಮ್ಮ ಜನ ಮಾತ್ರ "ತಪ್ಪು ಯಾರದು" ಅಂತಲೇ ತಿಂಗಳುಗಟ್ಟಲೆ ಜಗಳಾಡುತ್ತಾರೆ.

ನಮ್ಮಲ್ಲಿ ಹತ್ತು ಜನರೂ ಇರಲಿಲ್ಲ, ಹಾಗಾಗಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಲಿಲ್ಲ. ಅದಿದ್ದರೆ ಕ್ಲೇಮ್ ಅಲ್ಲೇ ಮಾಡಬೇಕು, ಮಾಲಕರ ಹತ್ತಿರ ಈ ಪರಿಹಾರ ಕೇಳಲು ಬರುವುದಿಲ್ಲ. ನನಗೆ ಉಳಿದದ್ದು 1923ರ ನೌಕರರ ಪರಿಹಾರ ಕಾಯ್ದೆ. ಕರೆಂಟಿನ ಮಷೀನ್ ಓಡುವ ಶೆಡ್‌ನಲ್ಲಿ ಇಬ್ಬರೇ ಇದ್ದರೂ ಅದು ಅನ್ವಯಿಸುತ್ತಿತ್ತು.

ಸಂಬಳದ ಚೀಟಿ ನಮ್ಮಲ್ಲಿ ಯಾರಿಗೂ ಕೊಡುತ್ತಿರಲಿಲ್ಲ. ಆದರೆ ಪಗಾರ ಫೋನ್‌ಪೇಯಲ್ಲಿ ಬರುತ್ತಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ, ಅಷ್ಟೇ ಸಾಕಾಯಿತು.

ಲೆಕ್ಕ ಹೀಗೆ. ನನ್ನ ಪಗಾರ 16,000, ಆದರೆ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15,000. ಅದರ ಶೇ 60 ಅಂದರೆ 9,000. 30 ವರ್ಷದವರಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಕಿ 207.98. ಎರಡನ್ನೂ ಗುಣಿಸಿದರೆ 18,71,820 ರೂಪಾಯಿ. ತೋರುಬೆರಳಿನ ಎರಡು ಗೆಣ್ಣಿಗೆ ಅದರಲ್ಲಿ ಶೇ 11. ಬಂದದ್ದು 2,05,900 ರೂಪಾಯಿ. ಇಡೀ ಬೆರಳು ಹೋಗಿದ್ದರೆ ಶೇ 14, ಹೆಬ್ಬೆರಳಾದರೆ ಶೇ 30. ಕೈಯನ್ನು ಹೀಗೆ ತುಂಡು ತುಂಡಾಗಿ ಓದುವಾಗ ಹೊಟ್ಟೆ ತೊಳಸುತ್ತದೆ, ನಿಜ. ಆಸ್ಪತ್ರೆ ಖರ್ಚು ಇದರಲ್ಲಿ ಸೇರಿಲ್ಲ, ಅದನ್ನು ಮಾಲಕರು ಬೇರೆಯಾಗಿ ಕೊಡಬೇಕು. ಬಿಲ್ಲು ಒಂದನ್ನೂ ಬಿಸಾಡಬೇಡಿ.

ಮಾಲಕರು ಮೊದಲು 50,000 ಕೊಟ್ಟು ಬಾಂಡ್ ಪೇಪರ್ ಮೇಲೆ ಸಹಿ ಕೇಳಿದರು. "ಸಾಹುಕಾರ್ರ, ಹಂಗ ಹಕ್ಕು ಬಿಟ್ಟುಕೊಟ್ಟು ಬರಕೊಟ್ರೂ ಅದು ಕೋರ್ಟಿನ್ಯಾಗ ನಿಲ್ಲೂದಿಲ್ಲರಿ" ಅಂದೆ. ಅವರು ಬಗ್ಗಿದ್ದು ನನ್ನ ಮಾತಿಗಲ್ಲ, ಅವರ ಆಡಿಟರ್ ಮಾತಿಗೆ. ಒಂದು ತಿಂಗಳಲ್ಲಿ ಕೊಡದಿದ್ದರೆ ಶೇ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಮೇಲೆ ಪರಿಹಾರದ ಅರ್ಧದಷ್ಟರವರೆಗೆ ದಂಡ. ಇನ್ಶೂರೆನ್ಸ್ ಮಾಡಿಸಿದ್ದರೆ ಪರಿಹಾರವನ್ನು ಕಂಪನಿಯೇ ಕಟ್ಟುತ್ತಿತ್ತು, ಇವರು ಮಾಡಿಸಿರಲಿಲ್ಲ. ಕೊನೆಗೆ ಒಪ್ಪಂದವನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಿ ಪೂರ್ತಿ ಹಣ ಕೊಟ್ಟರು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಂದಿನಿಂದ ಈಚೆಗೆ ಗಾಯವಾದವರು ಅರ್ಜಿಯನ್ನು ಅದರ ಹೆಸರಲ್ಲೇ ಬರೆಸಿ.

ನಾನು ಅದೇ ಶೆಡ್‌ನಲ್ಲಿದ್ದೇನೆ, ಈಗ ಡ್ರಿಲ್ಲಿಂಗ್ ಮಷೀನ್ ಮೇಲೆ. ಪ್ರೆಸ್‌ಗೆ ಎರಡೂ ಕೈಯಿಂದ ಒತ್ತುವ ಬಟನ್ ಹಾಕಿಸಿದ್ದಾರೆ. ಪೀಸ್ ಕಡಿಮೆ ಬೀಳುತ್ತವೆ ಅಂತ ಹೊಸ ಹುಡುಗ ಗೊಣಗುತ್ತಾನೆ.